ಹಳೆಯ ಗೇರ್ ಸೈಕಲಿಗೆ ಹೊಸ ಬಿಡಿಭಾಗ: ಕಾಸರಗೋಡಿನ ಗುಡ್ಡೆ ಹತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒಂದು ಗೇರ್ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. ಮಗ ಹೈಸ್ಕೂಲಿಗೆ ಹೋಗುವಾಗ ತೆಗೆದದ್ದು. ಅವನು ಮಂಗಳೂರಿಗೋ ಬೆಂಗಳೂರಿಗೋ ಹೋದ ಮೇಲೆ ಅದರ ಹ್ಯಾಂಡಲಿನಲ್ಲಿ ಖಾಲಿ ಗೋಣಿಗಳು ನೇತಾಡುತ್ತಿವೆ. 26 ಇಂಚಿನ ಚಕ್ರ, ಮುಂದೆ ಮೂರು ಹಿಂದೆ ಏಳು ಹಲ್ಲುಚಕ್ರ, ರಿಮ್ಮನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ವಿ-ಬ್ರೇಕ್, ಮುಂದೊಂದು ಶಾಕ್ ಫೋರ್ಕ್. ಹದಿನೈದಿಪ್ಪತ್ತು ವರ್ಷದ ಅಂಥ ಸೈಕಲನ್ನು ಮತ್ತೆ ಗುಡ್ಡೆ ಹತ್ತಿಸಬೇಕು ಎಂದು ಬರುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ನನ್ನ ಸೈಕಲನ್ನು ನಾಲ್ಕು ವರ್ಷಗಳಲ್ಲಿ ಒಂದೊಂದೇ ಭಾಗ ಬದಲಿಸುತ್ತ ಕಲಿತದ್ದನ್ನು, ಆಮೇಲೆ ನೆರೆಕರೆಯವರ ಸೈಕಲುಗಳಿಗೆ ಕೈ ಹಾಕಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇಷ್ಟು ಹಳೆಯ ಸೈಕಲಿಗೆ ದುಡ್ಡು ಹಾಕುವುದಕ್ಕಿಂತ ಹೊಸದನ್ನೇ ತೆಗೆದುಕೊಳ್ಳಬಾರದೇ?

ಫ್ರೇಮ್ ಹೇಗಿದೆ ಎಂಬುದರ ಮೇಲೆ ಅದು ನಿಂತಿದೆ. ಫ್ರೇಮ್ ನಿಮ್ಮ ಎತ್ತರಕ್ಕೆ ಹೊಂದುತ್ತದೆ, ಬಿರುಕಿಲ್ಲ, ಸೊಟ್ಟಗಾಗಿಲ್ಲ ಎಂದಾದರೆ ಹಳೆಯದನ್ನು ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಒಟ್ಟು ಖರ್ಚು ಹೊಸ ಸೈಕಲಿನ ಬೆಲೆಯ ಅರ್ಧ ದಾಟುತ್ತದೆ ಎಂದು ಕಂಡರೆ ಅಲ್ಲಿಗೆ ನಿಲ್ಲಿಸಿ. ಎತ್ತರ ಹೊಂದದ ಫ್ರೇಮಿಗೆ ಎಷ್ಟು ಒಳ್ಳೆಯ ಭಾಗ ಹಾಕಿದರೂ ಸೊಂಟನೋವು ತಪ್ಪುವುದಿಲ್ಲ.

ಒಂದು ಜಾತಿಯ ಸೈಕಲಿಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ. ಹಿಂದೆಯೂ ಸೀಟಿನ ಕೆಳಗೆ ದೊಡ್ಡ ಸ್ಪ್ರಿಂಗ್ ಇರುವ, ಕಬ್ಬಿಣದ ಭಾರದ ಅಗ್ಗದ ಸೈಕಲ್ ಅದು. ಅದರ ಕೀಲುಗಳಲ್ಲಿರುವ ಬುಷ್‌ಗಳು ಸವೆದಿರುತ್ತವೆ, ಬದಲಿ ಸಿಗುವುದಿಲ್ಲ. ಏರಿನಲ್ಲಿ ನೀವು ತುಳಿದ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗ್ ಕುಪ್ಪಳಿಸುವುದಕ್ಕೇ ಹೋಗುತ್ತದೆ.

ಫ್ರೇಮ್ ಗಟ್ಟಿಯಾಗಿದೆಯೇ ಎಂದು ನೋಡುವುದು ಹೇಗೆ?

ಮೊದಲು ಸಾಬೂನು ಹಾಕಿ ತೊಳೆದು ಬಿಸಿಲಿಗೆ ಇಡಿ. ಕೆಸರಿನ ಕೆಳಗಿರುವ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಒಣಗಿದ ಮೇಲೆ ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವ ಜಾಗ, ಎರಡು ಪೆಡಲುಗಳ ನಡುವೆ ಅಚ್ಚು ತಿರುಗುವ ಗುಂಬ, ಸೀಟಿನ ಕೊಳವೆಯ ಮೇಲ್ತುದಿಯ ಸೀಳು, ಹಿಂದಿನ ಚಕ್ರದ ಅಚ್ಚು ಕೂರುವ ಕಿವಿಗಳು, ಈ ನಾಲ್ಕು ಕಡೆ ಉಗುರು ಎಳೆಯಿರಿ. ಬಣ್ಣದ ಗೀರಾದರೆ ಉಗುರು ಜಾರಿ ಹೋಗುತ್ತದೆ, ಬಿರುಕಾದರೆ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬಿರುಕು ಕಂಡರೆ ಅದರ ಕಥೆ ಮುಗಿಯಿತು. ಬೆಸುಗೆ ಹಾಕಿಸಿ ಗುಡ್ಡೆ ಇಳಿಯಲು ಹೋಗಬೇಡಿ. ಉಕ್ಕಿನ ಫ್ರೇಮಿನಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಸೀಟನ್ನು ಕಳಚಿ ಸೈಕಲನ್ನು ತಲೆಕೆಳಗೆ ಮಾಡಿದಾಗ ಕೆಂಪು ನೀರು ಸುರಿದರೆ ಅದು ಎಚ್ಚರಿಕೆ. ಬಣ್ಣ ಉಬ್ಬಿದ ಕಡೆ ದಬ್ಬಣದಿಂದ ಒತ್ತಿ ನೋಡಿ.

ಸೀಟಿನ ಕಂಬ ಒಳಗೆ ಕಚ್ಚಿಕೊಳ್ಳದೆ ಮೇಲೆ ಕೆಳಗೆ ಸರಿಯುತ್ತದೆಯೇ ಎಂದು ಮೊದಲ ದಿನವೇ ನೋಡಿ. ಕರಾವಳಿಯವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉಪ್ಪಳದ ಕಡಲಬದಿಯ ಮನೆಯಿಂದ ಬಂದ ಒಂದು ಸೈಕಲಿನಲ್ಲಿ ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬ ಹದಿಮೂರು ವರ್ಷ ಕೂತಿತ್ತು. ಎರಡು ಬೇರೆ ಲೋಹಗಳ ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಕರಗುತ್ತ ಬಿಳಿ ಪುಡಿಯಾಗುತ್ತದೆ, ಪುಡಿ ಉಬ್ಬಿ ಕಂಬವನ್ನು ಬಿಗಿಯುತ್ತದೆ. ಸೈಕಲನ್ನು ತಲೆಕೆಳಗೆ ನಿಲ್ಲಿಸಿ, ಪೆಡಲಿನ ಗುಂಬವನ್ನು ಕಳಚಿ, ಅಲ್ಲಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ಮೂರು ದಿನ ತೊಟ್ಟುತೊಟ್ಟಾಗಿ ಬಿಟ್ಟೆವು. ನಾಲ್ಕನೆಯ ದಿನ ಕಂಬದ ತುದಿಯನ್ನು ವೈಸಿನಲ್ಲಿ ಹಿಡಿಸಿ, ಇಡೀ ಫ್ರೇಮನ್ನೇ ಸನ್ನೆಗೋಲಿನಂತೆ ಇಬ್ಬರು ತಿರುಗಿಸಿದಾಗ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಹೊರಬಂದ ಕಂಬದ ಮೈತುಂಬ ಸುಣ್ಣ ಬಳಿದಂತೆ ಬಿಳಿ ಪುಡಿ, ನಡುನಡುವೆ ಸಾಸಿವೆ ಕಾಳಿನಷ್ಟು ಗುಳಿಗಳು. ವರ್ಷಕ್ಕೊಮ್ಮೆ ಕಂಬ ತೆಗೆದು ಒರಸಿ ಗ್ರೀಸ್ ಬಳಿದಿದ್ದರೆ ಇಷ್ಟೂ ಉಳಿಯುತ್ತಿತ್ತು.

ಬಿಡಿಭಾಗ ಕೊಳ್ಳುವ ಮೊದಲು ಏನೇನನ್ನು ಅಳೆಯಬೇಕು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವವರು ಇದನ್ನು ಓದಿ. ಹಳೆಯ ಸೈಕಲಿಗೆ ಭಾಗವನ್ನು ಹೆಸರು ನೋಡಿ ಕೊಳ್ಳಬಾರದು, ಅಳತೆ ನೋಡಿ ಕೊಳ್ಳಬೇಕು. ಯಾವುದನ್ನು ಹಾಕಬಹುದು ಎಂದು ಹೇಳುವುದು ಫ್ರೇಮ್. ಅದು ಒಪ್ಪದ ಭಾಗ ಎಷ್ಟು ದುಬಾರಿಯದಾದರೂ ಮನೆಯ ಕಪಾಟಿನಲ್ಲಿ ಕೂರುತ್ತದೆ.

ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ, ಒಂದು ಚಿಕ್ಕ ಪುಸ್ತಕ ಇಡಿ. ಹಿಂದಿನ ಚಕ್ರ ಕಳಚಿ, ಅಚ್ಚು ಕೂರುವ ಎರಡು ಕಿವಿಗಳ ಒಳ ಅಂತರ ಅಳೆಯಿರಿ. ಹಳೆಯ ಮೌಂಟನ್ ಬೈಕುಗಳಲ್ಲಿ ಅದು ಸಾಮಾನ್ಯವಾಗಿ 135 ಮಿಲಿಮೀಟರ್, ಇನ್ನೂ ಹಳೆಯವುಗಳಲ್ಲಿ 130. ಮುಂದೆ 100. ಈಗಿನ ಹೊಸ ಸೈಕಲುಗಳಲ್ಲಿ ಹಿಂದೆ 148, ಮುಂದೆ 110 ಬರುತ್ತಿದೆ. ಆ ಚಕ್ರಗಳು ನಿಮ್ಮ ಫ್ರೇಮಿನಲ್ಲಿ ಕೂರುವುದಿಲ್ಲ. ಹ್ಯಾಂಡಲಿನಿಂದ ಕೆಳಗಿಳಿಯುವ ಫೋರ್ಕಿನ ಕೊಳವೆಯ ಹೊರವ್ಯಾಸ 28.6 ಮಿಲಿಮೀಟರ್ ಇದೆಯೇ, 25.4 ಇದೆಯೇ ಬರೆದುಕೊಳ್ಳಿ. ಆ ಕೊಳವೆಯ ತುದಿಯಲ್ಲಿ ನಮ್ಮ ಕಡೆ ಪಿರಿ ಎನ್ನುವ ತಿರುಪಿನ ಸುತ್ತುಗಳಿವೆಯೇ, ಇಲ್ಲವೇ ಎಂಬುದೂ ಮುಖ್ಯ. ಪೆಡಲಿನ ಗುಂಬದ ಅಗಲ 68 ಅಥವಾ 73 ಮಿಲಿಮೀಟರ್ ಇರುತ್ತದೆ. ಸೀಟಿನ ಕಂಬದ ಮೇಲೆಯೇ ಅದರ ವ್ಯಾಸ ಕೊರೆದಿರುತ್ತದೆ. 27.2 ಮತ್ತು 27.0ರ ನಡುವೆ ಏನು ಮಹಾ ವ್ಯತ್ಯಾಸ ಎಂದುಕೊಳ್ಳಬೇಡಿ, ಒಂದು ಬಿಗಿಯಾಗಿ ಕೂರುತ್ತದೆ, ಇನ್ನೊಂದು ಜಾರುತ್ತದೆ.

ಉಕ್ಕಿನ ಫ್ರೇಮಿನ 130ನ್ನು ಅನುಭವಸ್ಥರು ನಿಧಾನವಾಗಿ 135ಕ್ಕೆ ಅಗಲಿಸಬಲ್ಲರು. ಅಲ್ಯೂಮಿನಿಯಂ ಫ್ರೇಮನ್ನು ಯಾರೂ ಅಗಲಿಸಬಾರದು.

ಮೊದಲು ಯಾವುದನ್ನು ಬದಲಿಸಲಿ?

ಟೈರುಗಳನ್ನು. ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ಟೈರಿನ ರಬ್ಬರ್ ಗಡಸಾಗಿ, ಪಕ್ಕದಲ್ಲಿ ಸಣ್ಣ ಸಣ್ಣ ಸೀಳುಗಳು ಬಿಟ್ಟಿರುತ್ತವೆ. ಹಲ್ಲು ಸವೆಯದಿದ್ದರೂ ಅದಕ್ಕೆ ಹಿಡಿತ ಇರುವುದಿಲ್ಲ. ನಮ್ಮ ಪದವುಗಳ ಮುರಕಲ್ಲು ಬೇಸಿಗೆಯಲ್ಲಿ ಒರಟಾಗಿರುತ್ತದೆ. ಜೂನ್ ಕಳೆದು ಪಾಚಿ ಹಿಡಿದರೆ ಅದೇ ಕಲ್ಲು ಎಣ್ಣೆ ಚೆಲ್ಲಿದ ನೆಲದ ಹಾಗೆ. ಪೊಸಡಿಗುಂಪೆ ಗುಡ್ಡೆಯ ದಾರಿಯಲ್ಲಿ ಸಡಿಲ ಜಲ್ಲಿಕಲ್ಲಿನ ಮೇಲೆ ಹಳೆಯ ಟೈರು ಎಲ್ಲಿ ಜಾರುತ್ತಿತ್ತೋ ಅಲ್ಲಿ ಹೊಸ ಟೈರು ಕಚ್ಚಿ ಹಿಡಿದಾಗ, ಸೈಕಲೇ ಬೇರೆ ಅನಿಸಿತು ನನಗೆ. ಉಳಿದ ಯಾವ ಬದಲಾವಣೆಯೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಫಲ ಕೊಟ್ಟಿಲ್ಲ.

ಫ್ರೇಮಿನಲ್ಲಿ ಜಾಗವಿದ್ದರೆ 26×2.1 ಅಥವಾ 2.25 ಅಗಲದ್ದನ್ನು ಹಾಕಿ. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿ ಕನಿಷ್ಠ ಆರು ಮಿಲಿಮೀಟರ್ ಖಾಲಿ ಇರಬೇಕು, ಇಲ್ಲವಾದರೆ ಕೆಂಪು ಕೆಸರು ಅಲ್ಲಿ ಕಟ್ಟಿಕೊಂಡು ಫ್ರೇಮಿನ ಬಣ್ಣವನ್ನೇ ಕೆರೆದು ತೆಗೆಯುತ್ತದೆ. ಟೈರಿನ ಪಕ್ಕದಲ್ಲಿ 559 ಎಂಬ ಸಂಖ್ಯೆ ಇದೆಯೇ ನೋಡಿಕೊಳ್ಳಿ. 26 ಇಂಚು ಎಂಬ ಹೆಸರಿನಲ್ಲಿ ಹಲವು ಅಳತೆಗಳಿವೆ. ಮೌಂಟನ್ ಬೈಕಿನದು 559. ಹಳೆಯ ರೋಡ್‌ಸ್ಟರ್ ಸೈಕಲಿನ 26 ಇಂಚಿನ ಟೈರು ಅದೇ ಹೆಸರಿನದಾದರೂ ನಿಮ್ಮ ರಿಮ್ಮಿಗೆ ಬರುವುದಿಲ್ಲ.

ಗಾಳಿಯ ವಿಷಯದಲ್ಲಿ ನಮ್ಮವರು ಕಲ್ಲಿನಂತೆ ಗಟ್ಟಿಯಾಗುವ ತನಕ ಹೊಡೆಯುತ್ತಾರೆ. 65ರಿಂದ 70 ಕಿಲೋ ತೂಕದವರು ಗುಡ್ಡೆಗೆ ಹೋಗುವಾಗ ಮುಂದೆ 28-30, ಹಿಂದೆ 32-35 ಪಿಎಸ್‌ಐ ಇಟ್ಟು ನೋಡಿ. ಡಾಂಬರಿನಲ್ಲೇ ಹೋಗುವುದಾದರೆ 40ರ ಮೇಲೆ ಇರಲಿ.

26 ಇಂಚಿನ ಬದಲು 29 ಇಂಚಿನ ಚಕ್ರ ಹಾಕಬಹುದೇ?

ಹಾಕಬೇಡಿ. 29ರ ರಿಮ್ಮಿನ ಅಳತೆ 622, ನಿಮ್ಮದು 559. ಫ್ರೇಮಿನೊಳಗೆ ಜಾಗ ಸಾಲದು, ವಿ-ಬ್ರೇಕಿನ ರಬ್ಬರ್ ಕಟ್ಟೆಗಳು ರಿಮ್ಮಿಗೆ ತಾಗುವುದಿಲ್ಲ. 26ಕ್ಕೆ ಟ್ಯೂಬು, ಟೈರು ಈಗಲೂ ಸಿಗುತ್ತಿವೆ.

ವಿ-ಬ್ರೇಕ್ ತೆಗೆದು ಡಿಸ್ಕ್ ಹಾಕಬಹುದೇ?

ಹಿಂದಿನ ಚಕ್ರದ ಎಡಬದಿಯಲ್ಲಿ, ಅಚ್ಚಿನ ಹತ್ತಿರ, ಫ್ರೇಮಿನ ಜೊತೆಗೇ ಬೆಸೆದ ಎರಡು ತೂತಿನ ತಟ್ಟೆ ಇದೆಯೇ ನೋಡಿ. ತೂತುಗಳ ಅಂತರ 51 ಮಿಲಿಮೀಟರ್ ಇದ್ದರೆ ಡಿಸ್ಕ್ ಹಾಕಬಹುದು. ಫೋರ್ಕಿಗೂ ಅಂಥ ಜಾಗ ಬೇಕು, ಎರಡೂ ಚಕ್ರದ ನಡುವೆ ಡಿಸ್ಕ್ ಕೂರುವ ಹಬ್ ಬೇಕು. ಅಂದರೆ ಬ್ರೇಕಿನ ಜೊತೆ ಚಕ್ರಗಳ ಖರ್ಚೂ ಸೇರಿತು. ಆ ತಟ್ಟೆ ಇಲ್ಲದ ಫ್ರೇಮಿಗೆ ಕ್ಲಾಂಪಿನಿಂದ ಬಿಗಿಯುವ ತಟ್ಟೆಗಳು ಸಿಗುತ್ತವೆ. ಅವನ್ನು ನಾನು ಯಾರ ಸೈಕಲಿಗೂ ಹಾಕುವುದಿಲ್ಲ. ಡಿಸ್ಕ್ ಹಿಡಿದಾಗ ಬರುವ ಒತ್ತಡ ತಾಳುವಂತೆ ಆ ತೆಳು ಕೊಳವೆಯನ್ನು ಮಾಡಿರುವುದಿಲ್ಲ.

ಹಿಂದೆ ಇಲ್ಲದೆ ಮುಂದೆ ಮಾತ್ರ ಜಾಗವಿದ್ದರೆ ಮುಂದಕ್ಕೆ ಡಿಸ್ಕ್, ಹಿಂದಕ್ಕೆ ವಿ-ಬ್ರೇಕ್ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು.

ಎರಡೂ ಕಡೆ ಇಲ್ಲವೇ? ಚಿಂತೆ ಬೇಡ. ವಿ-ಬ್ರೇಕನ್ನು ಜಪಾನಿನ ಬಿಡಿಭಾಗ ಕಂಪೆನಿ ಶಿಮಾನೊ 1996ರಲ್ಲಿ ತಂದಾಗ ಅದು ದೊಡ್ಡ ಸುಧಾರಣೆಯೇ ಆಗಿತ್ತು. ಒಳ್ಳೆಯ ಕಟ್ಟೆ, ಹೊಸ ಕೇಬಲ್, ಹೊಸ ಹೊರಕವಚ, ಈ ಮೂರನ್ನು ಹಾಕಿದರೆ ಎರಡು ಬೆರಳಿನಲ್ಲಿ ಚಕ್ರ ಹಿಡಿಯುತ್ತದೆ. ಹಳೆಯ ಬ್ರೇಕು ದುರ್ಬಲ ಎನಿಸುವುದು ಬಹುಪಾಲು ತುಕ್ಕು ಹಿಡಿದ ಕೇಬಲಿನಿಂದ.

ನಮ್ಮ ಊರಿನಲ್ಲಿ ವಿ-ಬ್ರೇಕಿನ ನಿಜವಾದ ತೊಂದರೆ ಬೇರೆ. ಮಳೆಯಲ್ಲಿ ಒಂದು ಸುತ್ತು ಹೋಗಿ ಬಂದ ಮೇಲೆ ಕಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಪ್ಪು ರಬ್ಬರಿನ ಮೈಯಲ್ಲಿ ಮುರಕಲ್ಲಿನ ಕೆಂಪು ಹರಳು, ಅದರ ಪಕ್ಕದಲ್ಲಿ ಬೆಳ್ಳಗೆ ಮಿನುಗುವ ಚೂರುಗಳು ಕಾಣುತ್ತವೆ. ಆ ಬಿಳಿ ಚೂರು ನಿಮ್ಮ ರಿಮ್ಮಿನದೇ ಅಲ್ಯೂಮಿನಿಯಂ. ಹರಳು ರಿಮ್ಮನ್ನು ಕೆರೆಯುತ್ತದೆ, ಕೆರೆದ ಲೋಹ ಕಟ್ಟೆಯಲ್ಲಿ ಕೂತು ಮತ್ತಷ್ಟು ಕೆರೆಯುತ್ತದೆ. ಸೂಜಿಯಿಂದ ಒಂದೊಂದನ್ನೇ ಕಿತ್ತು, ಕಟ್ಟೆಯ ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ರಿಮ್ಮನ್ನು ಬಟ್ಟೆಯಿಂದ ಒರಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷದ ಕೆಲಸ. ರಿಮ್ಮಿನ ಬದಿಯಲ್ಲಿ ಬೆರಳಿಟ್ಟಾಗ ಒಳಕ್ಕೆ ತಗ್ಗಿದ ಹಾಗೆ ಸಿಕ್ಕರೆ ರಿಮ್ಮನ್ನೇ ಬದಲಿಸಿ. ತೆಳುವಾದ ರಿಮ್ಮು ಟೈರಿನ ಗಾಳಿಯ ಒತ್ತಡಕ್ಕೆ ಸೀಳಿ ಹೋಗುತ್ತದೆ. ಅದು ಇಳಿಜಾರಿನಲ್ಲಿ ಆಗಬಾರದು.

ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಯಾವ ಎಣ್ಣೆ?

ಶಿಮಾನೊಗೆ ಮಿನರಲ್ ಎಣ್ಣೆ. ಕೆಲವು ತಯಾರಕರ ಬ್ರೇಕಿಗೆ ಕಾರುಗಳಲ್ಲಿ ಹಾಕುವ ಡಾಟ್ ದ್ರವ. ಲಿವರಿನ ಮುಚ್ಚಳದ ಮೇಲೆ ಬರೆದಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಉಂಗುರಗಳು ಉಬ್ಬಿ ಕೆಡುತ್ತವೆ, ಬ್ರೇಕು ಪೂರ್ತಿ ಹೋಗುತ್ತದೆ. ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನಮ್ಮ ಹವೆಗೆ ಮಿನರಲ್ ಎಣ್ಣೆಯದೇ ವಾಸಿ.

21 ಗೇರನ್ನು ತೆಗೆದು, ಮುಂದೆ ಒಂದೇ ಹಲ್ಲುಚಕ್ರದ ವ್ಯವಸ್ಥೆ ಮಾಡಬಹುದೇ?

ಮಾಡಬಹುದು, ಆದರೆ ಹಿಂದಿನ ಹಬ್ ಯಾವುದೆಂದು ತಿಳಿಯದೆ ಒಂದನ್ನೂ ಕೊಳ್ಳಬೇಡಿ. ಇದನ್ನು ನನಗೆ ತೋರಿಸಿಕೊಟ್ಟವರು ಕುಂಬಳೆಯ ಒಬ್ಬ ಹಿರಿಯ ಸೈಕಲ್ ರಿಪೇರಿಯವರು, ನಾವೆಲ್ಲ ಇಚ್ಚ ಎಂದೇ ಕರೆಯುವವರು. ಹಿಂದಿನ ಚಕ್ರ ಕಳಚಿ, ಹಲ್ಲುಚಕ್ರದ ಗೊಂಚಲಿನ ನಡುವೆ ಉಪಕರಣ ಕೂರುವ ಗೀರುಗಳಿರುವ ಉಂಗುರವನ್ನು ನೋಡುತ್ತ, ಗೊಂಚಲನ್ನು ಹಿಂದಕ್ಕೆ ತಿರುಗಿಸಿ. ಉಂಗುರವೂ ಜೊತೆಗೆ ತಿರುಗಿದರೆ ಅದು ಕ್ಯಾಸೆಟ್, ಅಂದರೆ ಹಬ್ಬಿನ ಮೇಲೆ ಜಾರಿಸಿ ಉಂಗುರದಿಂದ ಬಿಗಿದದ್ದು. ಹಲ್ಲುಗಳು ಮಾತ್ರ ತಿರುಗಿ ಉಂಗುರ ಸುಮ್ಮನೆ ನಿಂತರೆ ಅದು ಫ್ರೀವೀಲ್, ಅಂದರೆ ಹಬ್ಬಿನ ಪಿರಿಗೆ ತಿರುಗಿಸಿ ಕೂರಿಸಿದ್ದು.

ಹಳೆಯ 21 ಗೇರಿನ ಸೈಕಲುಗಳಲ್ಲಿ ಹೆಚ್ಚಿನವು ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗ್ ಅಚ್ಚಿನ ತುದಿಯಿಂದ ಬಹಳ ಒಳಗಿರುವುದರಿಂದ ಭಾರ ಬಿದ್ದಾಗ ಅಚ್ಚು ಬಾಗುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. 8, 9, 10 ಗೇರಿನ ಕ್ಯಾಸೆಟ್ ಬೇಕಾದರೆ ಹಬ್ ಬದಲಿಸಬೇಕು, ಅಂದರೆ ಬಹುತೇಕ ಹೊಸ ಹಿಂಚಕ್ರವೇ. ಆ ಮೂರಕ್ಕೂ ಶಿಮಾನೊ ಮಾದರಿಯ ಹಬ್ ಒಂದೇ. ಏಳರದು ಮಾತ್ರ ಗಿಡ್ಡ.

ಈಗ ಲೆಕ್ಕ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಹೋಗುತ್ತದೆ. ಮುಂದೆ 28, ಹಿಂದೆ 28 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಅಷ್ಟೇ ದೂರ. ಗುಡ್ಡೆಯ ಕಡಿದಾದ ಏರಿಗೆ ಇದು ಭಾರ. ಮುಂದೆ 32, ಹಿಂದೆ 42 ಆದರೆ ಒಂದು ಸುತ್ತಿಗೆ 1.58 ಮೀಟರ್. ಮಂಡಿಗೆ ಆಗುವ ಸುಖ ಮೊದಲ ಏರಿನಲ್ಲೇ ತಿಳಿಯುತ್ತದೆ. ಡಾಂಬರಿನ ವೇಗ ಒಂದಿಷ್ಟು ಕಡಿಮೆಯಾಗುತ್ತದೆ. 48-14ರಲ್ಲಿ ಸುತ್ತಿಗೆ 7.1 ಮೀಟರ್ ಹೋಗುತ್ತಿದ್ದುದು 32-11ರಲ್ಲಿ 6 ಮೀಟರ್ ಆಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಓಡಿಸುವವರಿಗೆ ಇದು ಕೊರತೆ, ಗುಡ್ಡೆಯವರಿಗೆ ಅಲ್ಲ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಮತ್ತು ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಶಿಫ್ಟರ್ ಒಂದೇ ಕುಟುಂಬದವಾಗಿರಲಿ. ಶಿಮಾನೊದ 9 ಗೇರಿನ ಮೌಂಟನ್ ಡಿರೇಲರ್ 7 ಮತ್ತು 8ರ ಶಿಫ್ಟರಿಗೆ ಹೊಂದುತ್ತದೆ. 10ರದು ಹೊಂದುವುದಿಲ್ಲ, ಕೇಬಲ್ ಎಳೆದಷ್ಟಕ್ಕೆ ಅದು ಸರಿಯುವ ದೂರವೇ ಬೇರೆ. ಮೈಕ್ರೋಶಿಫ್ಟ್ ಕಂಪೆನಿಯ ಅಡ್ವೆಂಟ್ ಎಂಬ 9 ಗೇರಿನ ಜೋಡಿ ಹಳೆಯ ಸೈಕಲುಗಳಿಗೆ ನನಗೆ ತುಂಬ ಹಿಡಿಸಿದೆ. ಅದರ ಡಿರೇಲರಿನಲ್ಲಿ ಚೈನನ್ನು ಬಿಗಿಯಾಗಿಡುವ ಕ್ಲಚ್ ಇರುವುದರಿಂದ ಇಳಿಜಾರಿನಲ್ಲಿ ಚೈನು ಪಟಪಟ ಬಡಿಯುವುದಿಲ್ಲ. ಮುಂದಿನ ಹಲ್ಲುಚಕ್ರ ಒಂದು ಹಲ್ಲು ದಪ್ಪ, ಒಂದು ತೆಳು ಇರುವ ಮಾದರಿಯದಾಗಿರಲಿ, ಚೈನು ಕಳಚದಂತೆ ಅದು ಹಿಡಿಯುತ್ತದೆ.

ಇಷ್ಟೆಲ್ಲ ಖರ್ಚು ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ, ಅನೇಕರಿಗೆ ಅದೇ ಸಾಕು. ಏಳು ಗೇರಿನ ಫ್ರೀವೀಲಿನಲ್ಲೇ 14-34 ಹಲ್ಲಿನದು ಸಿಗುತ್ತದೆ. 28-34ರಲ್ಲಿ ಸುತ್ತಿಗೆ 1.7 ಮೀಟರ್. ಚೈನಿನ ಉದ್ದ ಸಾಲುತ್ತದೆಯೇ, ನಿಮ್ಮ ಡಿರೇಲರ್ 34 ಹಲ್ಲನ್ನು ಒಪ್ಪುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಚೈನು ಸವೆದಿದೆ ಎಂದು ತಿಳಿಯುವುದು ಹೇಗೆ?

ಮಕ್ಕಳ ಪೆಟ್ಟಿಗೆಯ ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನ ಒಂದು ಪಿನ್ನಿನಿಂದ ಇಪ್ಪತ್ತನಾಲ್ಕನೆಯ ಕೊಂಡಿಯ ಪಿನ್ನಿಗೆ ಸರಿಯಾಗಿ 12 ಇಂಚು. ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಇಟ್ಟು ಇನ್ನೊಂದು ತುದಿ ನೋಡಿ. ಪಿನ್ನು 12ರ ಗೆರೆಯಿಂದ ಒಂದೂವರೆ ಮಿಲಿಮೀಟರಿನಷ್ಟು ಆಚೆ ಹೋಗಿದ್ದರೆ ಚೈನು ಬದಲಿಸಿ. ಮೂರು ಮಿಲಿಮೀಟರ್ ಹೋಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ. ಅವನ್ನು ಬಿಟ್ಟು ಹೊಸ ಚೈನು ಮಾತ್ರ ಹಾಕಿದರೆ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಚೈನು ಹಲ್ಲು ಹಾರಿ ನಿಮ್ಮ ಎದೆ ಹ್ಯಾಂಡಲಿಗೆ ಬಡಿಯುತ್ತದೆ. ಸಕಾಲದಲ್ಲಿ ಚೈನು ಬದಲಿಸುವುದು ಕ್ಯಾಸೆಟ್ ಉಳಿಸುವ ಅಗ್ಗದ ಉಪಾಯ.

ಮುಂದಿನ ಶಾಕ್ ಫೋರ್ಕ್ ಬದಲಿಸಿದರೆ ಪ್ರಯೋಜನವಿದೆಯೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ನಾನು ಕೊನೆಗೆ ಇಡುವುದೂ ಇದನ್ನೇ. ಅಗ್ಗದ ಸ್ಪ್ರಿಂಗ್ ಫೋರ್ಕ್ ಎರಡು ಕಿಲೋ ಮೀರಿ ತೂಗುತ್ತದೆ, ಹಳತಾದಾಗ ಒಳಗೆ ತುಕ್ಕು ಹಿಡಿದು ಕುಗ್ಗುವುದೇ ಇಲ್ಲ. ಅದರ ಜಾಗಕ್ಕೆ ಇನ್ನೊಂದು ಅಗ್ಗದ್ದನ್ನು ಹಾಕಿದರೆ ಎರಡು ಮಳೆಗಾಲದಲ್ಲಿ ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಗಾಳಿ ತುಂಬುವ ಒಳ್ಳೆಯ ಫೋರ್ಕ್ ಚೆನ್ನಾಗಿದೆ, ಆದರೆ ನೇರ 28.6 ಕೊಳವೆ, 26 ಇಂಚು, ವಿ-ಬ್ರೇಕಿನ ಗೂಟ, ಇವು ಮೂರೂ ಇರುವುದು ಸಿಗುವುದು ಕಷ್ಟ.

ಕುಗ್ಗುವ ದೂರವನ್ನು ಹೆಚ್ಚಿಸುವ ಆಸೆ ಬೇಡ. 80 ಮಿಲಿಮೀಟರಿಗೆ ಮಾಡಿದ ಫ್ರೇಮಿಗೆ 140ರದನ್ನು ಹಾಕಿದರೆ ಮುಂಭಾಗ ಎತ್ತರವಾಗುತ್ತದೆ. ಪ್ರತಿ 20 ಮಿಲಿಮೀಟರಿಗೆ ಹ್ಯಾಂಡಲಿನ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಏರಿನಲ್ಲಿ ಮುಂಚಕ್ರ ಅಲೆದಾಡುತ್ತದೆ, ಫ್ರೇಮಿನ ಮುಂಗೂಡಿಗೆ ಅದು ತಾಳಲಾರದ ಒತ್ತಡ ಬೀಳುತ್ತದೆ.

ನಾನು ನನ್ನದಕ್ಕೆ ಶಾಕ್ ಇಲ್ಲದ ಉಕ್ಕಿನ ಫೋರ್ಕನ್ನೇ ಹಾಕಿದ್ದೇನೆ. ಅಚ್ಚಿನಿಂದ ಮೇಲಿನ ಭುಜದವರೆಗಿನ ಉದ್ದ ಹಳೆಯ ಫೋರ್ಕಿನ ಉದ್ದಕ್ಕೆ ಹತ್ತಿರವಿರುವಂತೆ ಅಳೆದು ತರಿಸಿದೆ. ಸೈಕಲ್ ಹಗುರವಾಯಿತು, ಅಗಲದ ಟೈರು ಕಲ್ಲಿನ ಏಟನ್ನು ಬೇಕಾದಷ್ಟು ನುಂಗುತ್ತದೆ.

ತುಳಿಯುವಾಗ ಕಟಕಟ ಸದ್ದು. ಪೆಡಲಿನ ಗುಂಬ ಬದಲಿಸಬೇಕೇ?

ಮೊದಲು ಪೆಡಲು, ಪೆಡಲು ಕೂರುವ ತೋಳಾದ ಕ್ರ್ಯಾಂಕಿನ ಬೋಲ್ಟು, ಸೀಟಿನ ಕಂಬ, ಈ ಮೂರನ್ನು ಬಿಗಿ ಮಾಡಿ ನೋಡಿ. ಅನೇಕ ಸಲ ಸದ್ದು ಅಲ್ಲಿಯದು. ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲುಗಿಸಿದಾಗ ಲಟಪಟ ಎಂದರೆ ಬೇರಿಂಗ್ ಹೋಗಿದೆ. ಬಿಡಿ ಗುಂಡುಗಳ ಹಳೆಯ ಮಾದರಿ ತೆಗೆದು, ಮುಚ್ಚಿದ ಕಾರ್ಟ್ರಿಜ್ ಹಾಕಿಸಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಗೆ ಇದಕ್ಕಿಂತ ಹೊಂದುವ ಬದಲಾವಣೆ ಕಡಿಮೆ. ಬಲಬದಿಯ ಬಟ್ಟಲಿನ ಪಿರಿ ಉಲ್ಟಾ. ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು. ಇದು ತಿಳಿಯದೆ ಉದ್ದದ ಪೈಪು ಸಿಕ್ಕಿಸಿ ಬಲ ಹಾಕಿ ಫ್ರೇಮಿನ ಪಿರಿಯನ್ನೇ ಕೆಡಿಸಿದ್ದನ್ನು ನೋಡಿದ್ದೇನೆ.

ಚೈನಿಗೆ ತೆಂಗಿನೆಣ್ಣೆ ಹಾಕಬಹುದೇ?

ಬೇಡ. ಮನೆಯಲ್ಲಿ ಕೈಗೆ ಸಿಗುವುದು ಅದೇ ಎಂದು ಎಲ್ಲರೂ ಹಾಕುತ್ತಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವಂತೆ ಚೈನಿನ ಕೊಂಡಿಯೊಳಗೂ ಗಟ್ಟಿಯಾಗುತ್ತದೆ. ದಿನ ಕಳೆದಂತೆ ಅಂಟಾಗಿ ಧೂಳನ್ನು ಹಿಡಿದು ಅರೆಯುವ ಕಲ್ಲಿನ ಹಿಟ್ಟಾಗುತ್ತದೆ. ಸೈಕಲ್ ಚೈನಿನ ಎಣ್ಣೆಯನ್ನು, ಮಳೆಗಾಲಕ್ಕೆ ದಪ್ಪನೆಯದನ್ನು, ಪ್ರತಿ ಕೊಂಡಿಗೆ ಒಂದು ತೊಟ್ಟು ಬಿಟ್ಟು, ಹತ್ತು ನಿಮಿಷದ ಮೇಲೆ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರಸಿ. ಎಣ್ಣೆ ಬೇಕಾಗಿರುವುದು ಕೊಂಡಿಯ ಒಳಗೆ.

ಮಳೆಗಾಲದಲ್ಲಿ ಹೊಸ ಭಾಗಗಳನ್ನು ಉಳಿಸಿಕೊಳ್ಳುವುದು ಹೇಗೆ?

ಬಾಲ್ದಿ ನೀರು ಮತ್ತು ಬ್ರಷ್ ಸಾಕು. ಅಡಿಕೆಗೆ ಮದ್ದು ಬಿಡುವ ಪವರ್ ಸ್ಪ್ರೇಯರಿನಿಂದ ಸೈಕಲ್ ತೊಳೆಯುವುದನ್ನು ಎರಡು ಮನೆಗಳಲ್ಲಿ ಕಂಡಿದ್ದೇನೆ, ಎರಡು ಕಡೆಯೂ ತಡೆದಿದ್ದೇನೆ. ಅದರ ಒತ್ತಡಕ್ಕೆ ನೀರು ಹಬ್ಬಿನ ಮುಚ್ಚಳ ದಾಟಿ ಒಳಗಿನ ಗ್ರೀಸನ್ನು ತೊಳೆದು ಹಾಕುತ್ತದೆ. ಜೊತೆಗೆ ಆ ಪೈಪಿನಲ್ಲಿ ಬೋರ್ಡೋ ದ್ರಾವಣದ ಶೇಷ ಇರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಮಾಡಿದ ದ್ರಾವಣ ಕೊಳೆರೋಗಕ್ಕೆ ಮದ್ದು, ಸೈಕಲಿಗೆ ವಿಷ. ಮೈಲುತುತ್ತಿನ ತಾಮ್ರ ಅಲ್ಯೂಮಿನಿಯಂ ಮತ್ತು ಉಕ್ಕು ಎರಡನ್ನೂ ತಿನ್ನುತ್ತದೆ. ಮದ್ದು ಬಿಡುವ ದಿನಗಳಲ್ಲಿ ಸೈಕಲನ್ನು ತೋಟದ ಬದಿಯಿಂದ ದೂರ ಇಡಿ, ಮೈಮೇಲೆ ಹನಿ ಬಿದ್ದರೆ ಆವತ್ತೇ ತೊಳೆಯಿರಿ.

ತೋಡು ದಾಟುವಾಗ ಅಚ್ಚು ಮುಳುಗುವಷ್ಟು ನೀರಿದ್ದರೆ ಇಳಿದು ಹೊತ್ತುಕೊಂಡು ದಾಟಿ. ಅಕ್ಟೋಬರಿನಲ್ಲಿ ಎರಡೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಿ.

ಹ್ಯಾಂಡಲ್, ಪೆಡಲ್, ಸೀಟು?

ಹಳೆಯ ಹ್ಯಾಂಡಲುಗಳು 580 ಮಿಲಿಮೀಟರಿನಷ್ಟು ಕಿರಿದು. 680ರಿಂದ 720ರ ಅಗಲದ್ದು ಹಾಕಿ, ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ಸ್ಟೆಮ್ಮನ್ನು ಗಿಡ್ಡದಕ್ಕೆ ಬದಲಿಸಿದರೆ ಇಳಿಜಾರಿನಲ್ಲಿ ಧೈರ್ಯ ಬರುತ್ತದೆ. ಸ್ಟೆಮ್ ಹಿಡಿಯುವ ನಡುಭಾಗದ ವ್ಯಾಸ 25.4 ಅಥವಾ 31.8, ಅದು ಸ್ಟೆಮ್ಮಿಗೆ ಹೊಂದಬೇಕು. ಎಡ ಪೆಡಲಿನ ಪಿರಿ ಉಲ್ಟಾ. ಸೀಟು ಅವರವರ ಮೂಳೆಗೆ ಬಿಟ್ಟದ್ದು.

ಮನೆಯಲ್ಲಿ ಯಾವ ಉಪಕರಣ ಇರಬೇಕು?

4, 5, 6 ಮಿಲಿಮೀಟರಿನ ಅಲೆನ್ ಕೀ, ಚೈನು ಬಿಚ್ಚುವುದು, ಕ್ರ್ಯಾಂಕ್ ಎಳೆಯುವುದು, ನಿಮ್ಮ ಫ್ರೀವೀಲಿಗೋ ಕ್ಯಾಸೆಟ್ಟಿಗೋ ಕೂರುವ ಗೀರಿನ ಉಪಕರಣ, ಒಂದು ಡಬ್ಬಿ ಗ್ರೀಸ್. ಕೆಲಸಕ್ಕೆ ಕೂರುವಾಗ ಪಕ್ಕದಲ್ಲಿ ಒಂದು ಅಗಲವಾದ ಅಡಿಕೆ ಹಾಳೆ ಹಾಸಿಕೊಳ್ಳಿ. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಡಿ. ಹಾಳೆಯ ಅಂಚು ಎದ್ದಿರುವುದರಿಂದ ಗುಂಡುಗಳು ಉರುಳಿ ಹೋಗುವುದಿಲ್ಲ.

ಭಾಗಗಳು ಎಲ್ಲಿ ಸಿಗುತ್ತವೆ?

ಟ್ಯೂಬು, ಕೇಬಲು, ಬ್ರೇಕಿನ ಕಟ್ಟೆ, ಕಡ್ಡಿ ಕಾಸರಗೋಡು ಪೇಟೆಯಲ್ಲೇ ಸಿಗುತ್ತವೆ. ಕ್ಯಾಸೆಟ್, ಹಬ್ ಮುಂತಾದವನ್ನು ಮಂಗಳೂರಿನಿಂದ ಅಥವಾ ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನೇ ಕೈಯಲ್ಲಿ ಒಯ್ಯಿರಿ. ಒಮ್ಮೆ ಎಲ್ಲ ಹಳೆಯ ಸೈಕಲಿಗೂ ಆಗುತ್ತದೆ ಎಂಬ ಮಾರಾಟಗಾರನ ವಿವರಣೆಯನ್ನು ನಂಬಿ ತರಿಸಿದ ಕ್ಯಾಸೆಟ್ ನನ್ನ ಫ್ರೀವೀಲ್ ಹಬ್ಬಿನ ಮೇಲೆ ಕೂರಲೇ ಇಲ್ಲ, ವಾಪಸು ಕಳಿಸಲು ಮೂರು ವಾರ ಹಿಡಿಯಿತು. ಬಳಸಿದ ಭಾಗಗಳಲ್ಲಿ ಕ್ರ್ಯಾಂಕ್, ಶಿಫ್ಟರ್, ಹಬ್ ಕೊಳ್ಳಬಹುದು. ಬಳಸಿದ ಚೈನು, ಹ್ಯಾಂಡಲ್, ಸ್ಟೆಮ್ ಬೇಡ.

ತೆಗೆದ ಹಳೆಯ ಭಾಗಗಳನ್ನು ಏನು ಮಾಡಲಿ?

ಹಬ್ಬಿನ ಕೋನು, ಅಚ್ಚು, ಬೋಲ್ಟುಗಳನ್ನು ಎಸೆಯಬೇಡಿ. ಅವುಗಳ ಅಳತೆಯ ಹೊಸವು ಸಿಗುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಅರ್ಧ ಸವೆದ ಟೈರು, ಕೆಲಸ ಮಾಡುವ ಡಿರೇಲರ್ ಇದ್ದರೆ ಹತ್ತಿರದ ರಿಪೇರಿಯವರಿಗೆ ಕೊಡಿ, ಶಾಲೆಗೆ ಹೋಗುವ ಯಾವುದೋ ಮಗುವಿನ ಸೈಕಲಿಗೆ ಅದು ಕೂರುತ್ತದೆ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಇಟ್ಟುಕೊಳ್ಳಿ. ಒಂದು ಪಟ್ಟಿಯನ್ನು ಪೆಡಲಿನ ಹಿಂದೆ ಓಡುವ ಫ್ರೇಮಿನ ಕೊಳವೆಗೆ ಬಿಗಿಯಾಗಿ ಸುತ್ತಿದರೆ ಚೈನು ಬಡಿದು ಬಣ್ಣ ಹೋಗುವುದಿಲ್ಲ, ಉಳಿದದ್ದು ಕಾಳುಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಲು ಆಗುತ್ತದೆ.